ಸೋಲಿನಿಂದ ಆರಂಭವಾದ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ

ಬ್ರಿಟಿಷ್ ಸೇನೆಯಲ್ಲಿ ಮೈಸೂರಿನ ಚರಿತ್ರೆಯೊಂದಿಗೆ ನಿಕಟ ನಂಟು ಹೊಂದಿದ್ದ ರೆಜಿಮೆಂಟುಗಳಲ್ಲಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯೂ ಒಂದು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಪಡೆಯೆಂದೇ ಹೆಸರಾದ ಇದು ಭಾರತದ ನೆಲದಲ್ಲಿ ಮೊದಲು ಕಂಡದ್ದು ಗೆಲುವನ್ನಲ್ಲ, ಸೋಲನ್ನು.

1745ರ ದಂಗೆಯಲ್ಲಿ ಬ್ರಿಟನ್ನಿನ ದೊರೆಯ ವಿರುದ್ಧವೇ ಕತ್ತಿ ಹಿಡಿದಿದ್ದ ಜಾನ್ ಮೆಕೆಂಜಿ, ಅಂದರೆ ಲಾರ್ಡ್ ಮ್ಯಾಕ್ಲಿಯೋಡ್, 1777ರಲ್ಲಿ ಅದೇ ರಾಜಮನೆತನದ ಸೇವೆಗೆ ಈ ಪಡೆಯನ್ನು ಕಟ್ಟಿದ. ಆಗ ಅದರ ಸಂಖ್ಯೆ 73. ಅದರ ಮೊದಲ ಬೆಟಾಲಿಯನ್ 1780ರ ಆರಂಭದಲ್ಲಿ ಮದರಾಸಿಗೆ ಬಂದಿಳಿಯಿತು. ಕೆಲವೇ ತಿಂಗಳಲ್ಲಿ ಹೈದರಾಲಿಯ ಸೇನೆ ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿತು.

ಪೊಳ್ಳಿಲೂರಿನ ಪೆಟ್ಟು

1780ರ ಸೆಪ್ಟೆಂಬರ್ 10ರಂದು ಕಾಂಚೀಪುರಂ ಸಮೀಪದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ತುಕಡಿಯನ್ನು ಸುತ್ತುವರಿದರು. ಮದ್ದುಗುಂಡಿನ ಬಂಡಿಗಳು ಸ್ಫೋಟಿಸಿದವು, ತುಕಡಿ ನಾಶವಾಯಿತು. ಅದರಲ್ಲಿದ್ದ 73ನೇ ಪಡೆಯ ಎರಡು ಕಂಪೆನಿಗಳಲ್ಲಿ ಅಳಿದುಳಿದವರು ಸೆರೆಯಾದರು. ಗಾಯಗೊಂಡಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಅವರಲ್ಲೊಬ್ಬ. ಬೇಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಮಡಿದ. ಬೇರ್ಡ್ 1784ರ ಮಂಗಳೂರು ಒಪ್ಪಂದದ ಬಳಿಕವಷ್ಟೇ ಬಿಡುಗಡೆ ಹೊಂದಿದ.

1786ರಲ್ಲಿ ಪಡೆಯ ಸಂಖ್ಯೆ 71 ಎಂದು ಬದಲಾಯಿತು. ಭಾರತದ ಸೇವೆಗೆಂದೇ 1787ರಲ್ಲಿ ಕಟ್ಟಲಾದ 74ನೇ ಹೈಲ್ಯಾಂಡ್ ಪಡೆ ಮುಂದೆ ಇದರ ಜೋಡಿಯಾಗಲಿತ್ತು. ಮೂರನೇ ಮೈಸೂರು ಯುದ್ಧದಲ್ಲಿ ಎರಡೂ ಪಡೆಗಳು ಟಿಪ್ಪುವಿನ ವಿರುದ್ಧ ಹೋರಾಡಿದವು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟವರಲ್ಲಿ 74ನೇ ಪಡೆಯೂ ಇತ್ತು. ಆ ದಾಳಿಯ ನಾಯಕತ್ವ ವಹಿಸಿದ್ದವನು ಅದೇ ಊರಿನಲ್ಲಿ ಕೈದಿಯಾಗಿದ್ದ ಬೇರ್ಡ್.

ನಾಲ್ಕು ವರ್ಷಗಳ ನಂತರ, 1803ರ ಸೆಪ್ಟೆಂಬರ್ 23ರಂದು, ಇಂದಿನ ಮಹಾರಾಷ್ಟ್ರದ ಅಸ್ಸಾಯೆಯಲ್ಲಿ ಮರಾಠರ ವಿರುದ್ಧ ಆರ್ಥರ್ ವೆಲ್ಲೆಸ್ಲಿ ಗೆದ್ದ. ಆ ಗೆಲುವಿಗಾಗಿ 74ನೇ ಪಡೆ ತನ್ನ ಬಹುತೇಕ ಎಲ್ಲ ಅಧಿಕಾರಿಗಳ ಸಾವುನೋವನ್ನು ಕಂಡಿತು. ಅದಕ್ಕೆ ದೊರೆತ ಪುರಸ್ಕಾರ ಆನೆಯ ಲಾಂಛನ ಮತ್ತು ಮೂರನೆಯದೊಂದು ಧ್ವಜ.

‘ಲಘು’ ಎಂದರೇನು?

ಆ ಕಾಲದ ಸಾಮಾನ್ಯ ಪದಾತಿಗಳು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು, ಆಜ್ಞೆಯಾದಾಗ ಒಟ್ಟಿಗೇ ಗುಂಡು ಹಾರಿಸುತ್ತಿದ್ದರು. ಲಘು ಪದಾತಿಗಳ ಕಾರ್ಯವಿಧಾನವೇ ಬೇರೆ. ಅವರು ಮುಖ್ಯ ಸೇನೆಗಿಂತ ಮುಂದೆ ಚದುರಿ ಸಾಗಿ, ಮರ, ಗೋಡೆ, ದಿಬ್ಬಗಳ ಮರೆಯಿಂದ ಗುರಿಯಿಟ್ಟು ಹೊಡೆಯಬೇಕಿತ್ತು. ಚದುರಿದವರಿಗೆ ಸಂಕೇತ ನೀಡಲು ನಗಾರಿಯ ಬದಲು ಕಹಳೆ ಬಳಕೆಯಾಯಿತು. ನಡಿಗೆಯೂ ಚುರುಕು. ಸ್ವಂತ ವಿವೇಚನೆಯಿಂದ ವರ್ತಿಸಬಲ್ಲ ಸೈನಿಕನೇ ಇದರ ಬಲ.

ದಕ್ಷಿಣ ಅಮೆರಿಕದಲ್ಲಿ 71ನೇ ಪಡೆಗೆ ಇನ್ನೊಂದು ಸೋಲು ಎದುರಾಗಿತ್ತು. 1806ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಅದು ಶರಣಾಯಿತು. ಅದರ ಧ್ವಜಗಳನ್ನು ಅಲ್ಲಿನ ಸ್ಯಾಂಟೊ ಡೊಮಿಂಗೊ ಚರ್ಚ್‌ನಲ್ಲಿ ಇರಿಸಲಾಯಿತು. ಆನಂತರವೇ ಅದು ಲಘು ಪದಾತಿದಳವಾಗಿ ರೂಪಾಂತರಗೊಂಡದ್ದು. 1809ರಲ್ಲಿ ಹೈಲ್ಯಾಂಡ್ ಜನರ ಹೆಮ್ಮೆಯ ಕಿಲ್ಟ್ ಉಡುಪನ್ನೂ ಅದು ಕಳೆದುಕೊಂಡಿತು. 1815ರಲ್ಲಿ ವಾಟರ್ಲೂ ಕದನದಲ್ಲಿ ಪಾಲ್ಗೊಂಡಿತು.

ಹೆಸರು ಅಳಿದರೂ

1881ರ ಸುಧಾರಣೆಯಲ್ಲಿ 71 ಮತ್ತು 74ನೇ ಪಡೆಗಳು ಒಂದಾಗಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎನಿಸಿದವು. ಮೊದಲ ಮಹಾಯುದ್ಧದಲ್ಲಿ ಗ್ಲಾಸ್ಗೊದ ಟ್ರ್ಯಾಮ್ ನೌಕರರಿಂದಲೇ ಇದರ ಒಂದು ಬೆಟಾಲಿಯನ್ ರಚನೆಯಾಯಿತು. ಕಿಲ್ಟ್ ಮರಳಿ ದೊರೆತದ್ದು 1947ರಲ್ಲಿ. ಆದರೆ 1959ರಲ್ಲಿ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಜೊತೆ ವಿಲೀನಗೊಂಡು ರೆಜಿಮೆಂಟಿನ ಹೆಸರೇ ಮರೆಯಾಯಿತು. ವಿಲೀನದಿಂದ ಹುಟ್ಟಿದ ರಾಯಲ್ ಹೈಲ್ಯಾಂಡ್ ಫ್ಯುಸಿಲಿಯರ್ಸ್ 2006ರಲ್ಲಿ ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡಿನ ಬೆಟಾಲಿಯನ್ ಆಯಿತು.

ರೆಜಿಮೆಂಟುಗಳು ತಮ್ಮ ಯುದ್ಧ ಗೌರವಗಳನ್ನು ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಳ್ಳುತ್ತವೆ. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಗೌರವಗಳಲ್ಲಿ ಮೈಸೂರು, ಶ್ರೀರಂಗಪಟ್ಟಣ, ಅಸ್ಸಾಯೆಗಳಿವೆ, ಪೊಳ್ಳಿಲೂರು ಇಲ್ಲ. ಅದನ್ನು ಕಾಣಲು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೇ ಬರಬೇಕು. ಅಲ್ಲಿನ ಗೋಡೆಯ ಮೇಲೆ ಹೈದರ್ ಮತ್ತು ಟಿಪ್ಪುವಿನ ಆ ವಿಜಯ ಚಿತ್ರಿತವಾಗಿದೆ.