ಕಾಫಿ ಗ್ರೈಂಡರಿಗೂ ಹಲ್ಲುಜ್ಜಬೇಕು

ಚಿಕ್ಕಮಗಳೂರಿನಿಂದ ತರಿಸಿದ ಪೀಬೆರಿ, ಹದವಾಗಿ ಹುರಿದದ್ದು. ಹಾಲು ಗಟ್ಟಿ, ಸಕ್ಕರೆ ಅಳತೆಗೆ ಸರಿ. ಆದರೂ ಕಾಫಿಯಲ್ಲಿ ಏನೋ ಒಂದು ಕಮಟು. ಇಂಥ ಹೊತ್ತಿನಲ್ಲಿ ಬೈಸಿಕೊಳ್ಳುವವನು ಬೀಜ ಮಾರಿದವನು, ಇಲ್ಲವೇ ಹಾಲಿನವನು. ಅಡುಗೆಕಟ್ಟೆಯ ಮೂಲೆಯಲ್ಲಿರುವ ಗ್ರೈಂಡರ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಪ್ಲಗ್ ಕಿತ್ತು, ಪುಡಿ ಬೀಳುವ ಮೂತಿಯೊಳಗೆ ಬೆರಳಾಡಿಸಿ ಮೂಸಿ ನೋಡಿ. ಬೆರಳಿಗೆ ಮೆತ್ತಿಕೊಳ್ಳುವ ಆ ಕಂದು ಜಿಡ್ಡಿನಲ್ಲಿ ಕಾಫಿಯ ಘಮ ಇರುವುದಿಲ್ಲ, ಹಳಸಿದ ಎಣ್ಣೆಯ ವಾಸನೆ ಇರುತ್ತದೆ.

ಅದು ನಿಜಕ್ಕೂ ಎಣ್ಣೆಯೇ. ಹುರಿದ ಅರೇಬಿಕಾ ಬೀಜದ ತೂಕದಲ್ಲಿ ಶೇಕಡಾ 15ರ ಆಸುಪಾಸು ಎಣ್ಣೆ ಇರುತ್ತದೆ, ರೋಬಸ್ಟಾದಲ್ಲಿ ಸುಮಾರು 10. ಬೀಜ ಇಡಿಯಾಗಿರುವಷ್ಟು ಕಾಲ ಅದು ಜೀವಕೋಶಗಳ ಗೋಡೆಯೊಳಗೆ ಭದ್ರ. ಕಪ್ಪಗೆ ಹುರಿದರೆ ಆ ಗೋಡೆಗಳು ಬಿರಿದು ಎಣ್ಣೆ ಮೇಲಕ್ಕೆ ಜಿನುಗುತ್ತದೆ. ಡಾರ್ಕ್ ರೋಸ್ಟ್ ಬೀಜಕ್ಕೆ ಆ ಹೊಳಪು ಬರುವುದು ಹಾಗೆ. ಈ ಎಣ್ಣೆಯಲ್ಲಿ ದೊಡ್ಡ ಪಾಲು ಲಿನೋಲಿಯಿಕ್ ಆಮ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ಹೇರಳವಾಗಿರುವುದೂ ಇದೇ. ಗಾಳಿಯ ಆಮ್ಲಜನಕ ಇದರ ಸರಪಳಿಯನ್ನು ಸುಲಭವಾಗಿ ತುಂಡರಿಸುತ್ತದೆ. ತುಂಡಾದ ಚೂರುಗಳಲ್ಲಿ ಹೆಕ್ಸನಾಲ್‌ನಂಥವು ಹಗುರವಾಗಿ ಗಾಳಿಗೆ ಸೇರಿ ಮೂಗಿಗೆ ಬಡಿಯುತ್ತವೆ. ನಾವು ಕಮಟು ಎನ್ನುವುದು ಇದನ್ನೇ. ಇಡೀ ಬೀಜಕ್ಕೆ ವಾರಗಟ್ಟಲೆ ಹಿಡಿಯುವ ಈ ಕೆಲಸ ಪುಡಿಯಲ್ಲಿ ಬೇಗ ಮುಗಿಯುತ್ತದೆ, ಏಕೆಂದರೆ ಪುಡಿಯಾದಾಗ ಗಾಳಿಗೆ ಒಡ್ಡಿಕೊಳ್ಳುವ ಮೈ ಎಷ್ಟೋ ಪಟ್ಟು ಹೆಚ್ಚು. ಗ್ರೈಂಡರಿನ ಮೂತಿಯಲ್ಲಿ ನಿನ್ನೆ ಉಳಿದ ಒಂದೆರಡು ಚಿಟಿಕೆ ಪುಡಿ ಇಂದು ಬೆಳಿಗ್ಗೆ ಹೊಸ ಪುಡಿಯ ಜೊತೆ ಉದುರುತ್ತದೆ. ದಿನದ ಮೊದಲ ಲೋಟ ಸಪ್ಪೆ, ಎರಡನೆಯದು ವಾಸಿ ಅನ್ನಿಸಿದರೆ ಕಾರಣ ಅಲ್ಲೇ ಇರಬಹುದು.

ಪುಡಿ ಅಲ್ಲಿ ಉಳಿಯುವುದೇಕೆ ಅನ್ನುವುದಕ್ಕೆ ಯಂತ್ರದ ಒಳಗನ್ನು ನೋಡಬೇಕು. ಬೀಸುವ ಕಲ್ಲು ಕಂಡವರಿಗೆ ಹೆಚ್ಚು ವಿವರಣೆ ಬೇಡ: ನಿಂತ ಬಿಲ್ಲೆ ಒಂದು, ತಿರುಗುವ ಬಿಲ್ಲೆ ಒಂದು, ನಡುವೆ ಬೀಜ, ಅಂಚಿನಲ್ಲಿ ಪುಡಿ. ಈ ಹಲ್ಲಿನ ಬಿಲ್ಲೆಗಳಿಗೆ ‘ಬರ್’ ಎಂದು ಹೆಸರು. ಒಳಭಾಗದ ದೊಡ್ಡ ಹಲ್ಲುಗಳು ಬೀಜವನ್ನು ಸೀಳುತ್ತವೆ, ಅಂಚಿನ ಸಣ್ಣ ಹಲ್ಲುಗಳು ನುಣ್ಣಗೆ ಮಾಡುತ್ತವೆ. ಎರಡರ ನಡುವಿನ ಸಂದು ತಿರುಪಿನಿಂದ ಹಿಗ್ಗುತ್ತದೆ, ಕುಗ್ಗುತ್ತದೆ; ತರಿ ಬೇಕೋ ನುಣ್ಣಗೆ ಬೇಕೋ ಎಂಬುದು ಆ ಸಂದಿನ ತೀರ್ಮಾನ. ಪೂಜೋ ಎಂಬ ಫ್ರೆಂಚ್ ಕಂಪನಿ ಕಾರು ಮಾಡುವುದಕ್ಕೆ ಎಷ್ಟೋ ಮುಂಚೆ, 1840ರಲ್ಲೇ, ಇಂಥ ಕೈ ತಿರುವುವ ಕಾಫಿ ಮಿಷನ್ ಮಾಡಿ ಮಾರಿತ್ತು. ತತ್ತ್ವ ಆಗಿನಿಂದ ಬದಲಾಗಿಲ್ಲ.

ಮಿಕ್ಸಿಯ ಕಥೆ ಬೇರೆ. ಅದು ಬೀಸುವುದಿಲ್ಲ, ಬಡಿಯುತ್ತದೆ. ಬ್ಲೇಡು ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತ ಸಿಕ್ಕಿದ್ದನ್ನೆಲ್ಲ ಚಚ್ಚುವಾಗ, ಒಂದಿಷ್ಟು ಬೀಜ ಧೂಳಾಗಿರುತ್ತದೆ, ಒಂದಿಷ್ಟು ನುಚ್ಚಾಗಿಯೇ ಉಳಿದಿರುತ್ತದೆ. ಧೂಳು ಫಿಲ್ಟರಿನ ತೂತು ಕಟ್ಟುತ್ತದೆ, ನುಚ್ಚಿನಿಂದ ಡಿಕಾಕ್ಷನ್ ಸರಿಯಾಗಿ ಇಳಿಯುವುದಿಲ್ಲ.

ಪುಡಿ ಉಳಿಯುವ ಪ್ರಶ್ನೆಗೆ ಮರಳೋಣ. ಹುರಿದ ಬೀಜ ಗಾಜಿನಷ್ಟು ಪೆಡಸು. ಒಳ್ಳೆಯ ಬರ್ ಕೂಡ ಅದನ್ನು ಕತ್ತರಿಸುವುದಕ್ಕಿಂತ ಸಿಡಿಸುವುದೇ ಹೆಚ್ಚು. ಸಿಡಿದಾಗ ಏಳುವ ಅತಿ ನುಣ್ಣನೆಯ ಧೂಳು, ಬೀಜದ ಸೀಳಿನೊಳಗೆ ಅಡಗಿರುವ ಬೆಳ್ಳಿಬಣ್ಣದ ತೆಳು ಹೊಟ್ಟು, ಇವೆರಡೂ ವಿದ್ಯುದಾವೇಶ ಹೊತ್ತು ಹೊರಬರುತ್ತವೆ. ಬೀಜ ಲೋಹಕ್ಕೆ ಉಜ್ಜಿದಾಗ ಒಂದಷ್ಟು ಆವೇಶ, ಬಿರಿಯುವ ಕ್ಷಣದಲ್ಲೇ ಇನ್ನೊಂದಷ್ಟು. ಈ ಆವೇಶದಿಂದಲೇ ಅವು ಮೂತಿಗೆ ಅಂಟಿಕೊಳ್ಳುತ್ತವೆ. ಕಾಫಿಪುಡಿ ಅಂಗಡಿಯಲ್ಲಿ ಮಿಷನ್ನಿನ ಮೂತಿಗೆ ಅಂಗಡಿಯವರು ಆಗಾಗ ತಟ್ಟುವುದು, ಅಂಟಿಕೊಂಡದ್ದನ್ನು ಉದುರಿಸಲಿಕ್ಕೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಕ್ರಿಸ್ಟೋಫರ್ ಹೆಂಡನ್ ಈ ಆವೇಶವನ್ನು ಅಳೆಯಲು ಹೊರಟಾಗ ಜೊತೆಗೆ ಕರೆದುಕೊಂಡದ್ದು ಜ್ವಾಲಾಮುಖಿ ತಜ್ಞರನ್ನು! ಜ್ವಾಲಾಮುಖಿಯಲ್ಲೂ ಬಂಡೆ ಸಿಡಿದು ಬೂದಿಯಾಗುವಾಗ ಇದೇ ರೀತಿ ಆವೇಶ ಹುಟ್ಟುತ್ತದೆ, ಹೊಗೆಯ ಕಂಬದೊಳಗೆ ಮಿಂಚು ಹೊಡೆಯುತ್ತದೆ. 2023ರ ಡಿಸೆಂಬರಿನಲ್ಲಿ ‘ಮ್ಯಾಟರ್’ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ಬೀಜದಲ್ಲಿ ಉಳಿದಿರುವ ತೇವ ಕಡಿಮೆಯಾದಷ್ಟೂ ಆವೇಶ ಹೆಚ್ಚು. ಕಪ್ಪಗೆ ಹುರಿದದ್ದು ಒಣಗಿರುವುದರಿಂದ ಋಣ ಆವೇಶ ಹೊತ್ತು ಬರುತ್ತದೆ, ತಿಳಿಯಾಗಿ ಹುರಿದದ್ದು ಧನ ಆವೇಶದ ಕಡೆಗೆ ವಾಲುತ್ತದೆ. ಪುಡಿ ನುಣ್ಣಗಾದಷ್ಟೂ ಅಂಟು ಜಾಸ್ತಿ.

ಅವರು ತೋರಿಸಿದ ಮದ್ದು ಮನೆಯಲ್ಲೇ ಇದೆ: ಪುಡಿ ಮಾಡುವ ಮುಂಚೆ ಬೀಜಕ್ಕೆ ನೀರಿನ ಕೆಲವು ಹನಿ. 20 ಗ್ರಾಂ ಬೀಜಕ್ಕೆ ಅರ್ಧ ಮಿಲಿಲೀಟರಿಗೂ ಕಡಿಮೆ ಸಾಕು. ಚಮಚದ ಹಿಡಿಯನ್ನು ನೀರಿಗೆ ಅದ್ದಿ ತೆಗೆದು ಅದರಿಂದ ಬೀಜ ಕಲಕಿದರೆ ಅಷ್ಟು ಆಗುತ್ತದೆ. ಬೀಜದ ಮೈ ಒದ್ದೆಯಾಗಿ ಕಾಣಬಾರದು, ಮಂಕಾದರೆ ಸಾಕು. ಆವೇಶ ಇಳಿಯುತ್ತದೆ, ಪುಡಿ ಗಂಟು ಕಟ್ಟದೆ ಸೀದಾ ಕೆಳಗಿಳಿಯುತ್ತದೆ, ಗ್ರೈಂಡರಿನಲ್ಲಿ ಉಳಿಯುವ ಪಾಲೂ ಕಮ್ಮಿ. ಆದರೆ ಆಯಾ ಹೊತ್ತಿಗೆ ಬೇಕಾದಷ್ಟೇ ಬೀಜ ಅಳೆದು ಹಾಕುವವರಿಗೆ ಮಾತ್ರ ಈ ಉಪಾಯ. ಮೇಲಿನ ಬಟ್ಟಲಿನ ತುಂಬ ಬೀಜ ಸುರಿದಿಡುವವರು ನೀರು ಚಿಮುಕಿಸಿದರೆ ಬೀಜ ಕೆಡುತ್ತದೆ ಅಷ್ಟೆ.

ನೀರಿಗೆ ಗ್ರೈಂಡರಿನಲ್ಲಿ ಇರುವ ಮರ್ಯಾದೆ ಇಷ್ಟಕ್ಕೇ ಮುಗಿಯಿತು. ತೊಳೆಯಲು ಮಾತ್ರ ಅದು ಬೇಡ. ಉಕ್ಕಿನ ಬರ್ ತುಕ್ಕು ಹಿಡಿಯುತ್ತದೆ, ಸಂದಿಯಲ್ಲಿ ಉಳಿದ ಪುಡಿ ನೆಂದು ಕೆಸರಾಗಿ, ಒಣಗಿದ ಮೇಲೆ ಗಟ್ಟಿ ಕೂರುತ್ತದೆ. ಶುಚಿ ಮಾಡುವುದೆಲ್ಲ ಒಣಗಿದ ಬ್ರಶ್ಶಿನ ಕೆಲಸ. ಬಟ್ಟಲಿನ ಬೀಜ ತೆಗೆಯಿರಿ, ಒಳಗಿದ್ದದ್ದು ಖಾಲಿಯಾಗುವವರೆಗೆ ಓಡಿಸಿ, ಪ್ಲಗ್ ಕೀಳಿ. ಈಗಿನ ಸೆಟ್ಟಿಂಗ್ ಯಾವ ಗೆರೆಯಲ್ಲಿದೆ ಎಂದು ಗುರುತು ಮಾಡಿಟ್ಟುಕೊಂಡು ಮೇಲಿನ ಬರ್ ಬಿಚ್ಚಿ. ಹಲ್ಲುಗಳ ಬುಡದಲ್ಲಿ ಪುಡಿ ಕಪ್ಪಗೆ ಹೆಪ್ಪುಗಟ್ಟಿರುತ್ತದೆ. ಗಟ್ಟಿ ಬಿರುಗೂದಲಿನ ಬ್ರಶ್ ಸಾಲದಿದ್ದರೆ ಮರದ ಟೂತ್‌ಪಿಕ್ಕಿನಿಂದ ಕೆದಕಿ. ಪಿನ್ನು, ಚಾಕು ಬೇಡ. ಹೆಚ್ಚಿನವರು ಮರೆಯುವ ಜಾಗ ತಿರುಪಿನ ಮರೆ, ಅಂದರೆ ಅದರ ಸುರುಳಿ ಗೀರು. ಅಲ್ಲಿ ಒಂದು ಚಿಟಿಕೆ ಪುಡಿ ಸಿಕ್ಕಿಕೊಂಡರೂ ಬರ್ ವಾಲಿ ಕೂರುತ್ತದೆ, ಒಂದು ಕಡೆ ನುಣ್ಣಗೆ ಇನ್ನೊಂದು ಕಡೆ ತರಿಯಾಗಿ ಬೀಸುತ್ತದೆ. ಬಿಗಿಯಾಯಿತೆಂದು ಜೋರು ಮಾಡಿದರೆ ಮರೆಯೇ ಹಾಳು. ಅಲ್ಲಿಗಾಗಲಿ ಹಲ್ಲಿಗಾಗಲಿ ಅಡುಗೆ ಎಣ್ಣೆ ಹಚ್ಚುವುದು ಎಂದರೆ ಕಮಟನ್ನು ಕರೆದು ಕೂರಿಸಿದಂತೆ. ಪ್ಲಾಸ್ಟಿಕ್ ಬಟ್ಟಲು ಬಿಚ್ಚಿ ಬರುವಂಥದ್ದಾದರೆ ಅದನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬಹುದು. ಕಪ್ಪು ಬೀಜ ಬಳಸುವವರು ಹದಿನೈದು ದಿನಕ್ಕೊಮ್ಮೆಯಾದರೂ ಇದನ್ನು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮಧ್ಯಮ ಹುರಿತಕ್ಕೆ ತಿಂಗಳಿಗೊಮ್ಮೆ ನಡೆದೀತು.

ಹಿಡಿ ಅಕ್ಕಿ ಹಾಕಿ ಓಡಿಸಿ ಎಂಬ ಸಲಹೆ ನಮ್ಮಲ್ಲಿ ಬಲು ಜನಪ್ರಿಯ. ಮಿಕ್ಸಿ ಜಾರಿಗೆ ಅದು ಸರಿಯೇ, ಜಿಡ್ಡನ್ನು ಅಕ್ಕಿಹಿಟ್ಟು ಎತ್ತಿಕೊಂಡು ಬರುತ್ತದೆ. ಬರ್ ಗ್ರೈಂಡರಿಗೆ ಬೇಡ. ಹಸಿ ಅಕ್ಕಿ ಹುರಿದ ಕಾಫಿಗಿಂತ ಎಷ್ಟೋ ಗಟ್ಟಿ. ಮನೆಯ ಗ್ರೈಂಡರಿನ ಸಣ್ಣ ಮೋಟರು ಮುಗ್ಗರಿಸುತ್ತದೆ, ಹಿಟ್ಟು ಸಂದಿಯಲ್ಲಿ ಉಳಿಯುತ್ತದೆ. ಇದಕ್ಕೆಂದೇ ಧಾನ್ಯದಿಂದ ಮಾಡಿದ ಮೆದು ಗುಳಿಗೆಗಳು ಸಿಗುತ್ತವೆ. ಚಿಕೋರಿ ಬೆರೆಸಿದ ಪುಡಿಯನ್ನು ‘ಇನ್ನೊಂಚೂರು ನುಣ್ಣಗಾಗಲಿ’ ಎಂದು ಮತ್ತೆ ಗ್ರೈಂಡರಿಗೆ ಸುರಿಯುವುದೂ ತಪ್ಪು. ಚಿಕೋರಿಯಲ್ಲಿ ಎಣ್ಣೆ ಇಲ್ಲದಿದ್ದರೂ ಗಾಳಿಯ ತೇವ ಹೀರುವ ಚಟ ಇದೆ. ಮಲೆನಾಡಿನ ಮಳೆಗಾಲದಲ್ಲಂತೂ ಹಲ್ಲಿನ ಸಂದಿಯಲ್ಲಿ ಬೆಲ್ಲದ ಪಾಕದ ಹಾಗೆ ಕಚ್ಚಿ ಕೂರುತ್ತದೆ.

ಜೋಡಿಸಿದ ಮೇಲೆ ಹಳೆಯ ಗುರುತಿಗೆ ತಂದರೂ ಮೊದಲ ಹಿಡಿ ಬೀಜದ ಪುಡಿ ಲೋಟಕ್ಕೆ ಬೇಡ. ಜಿಡ್ಡಿನ ಪದರ ಹೋಗಿರುವುದರಿಂದ ಪುಡಿ ಬೀಳುವ ರೀತಿ ತುಸು ಬದಲಾಗಿರುತ್ತದೆ. ಡಿಕಾಕ್ಷನ್ ಸರ್ರನೆ ಇಳಿದರೆ ಒಂದು ಗೆರೆ ಬಿಗಿ ಮಾಡಿ, ಫಿಲ್ಟರಿನಲ್ಲೇ ನಿಂತರೆ ಒಂದು ಗೆರೆ ಸಡಿಲಿಸಿ. ಇಷ್ಟೆಲ್ಲ ಮಾಡಿಯೂ ಪುಡಿಯಲ್ಲಿ ಧೂಳೇ ಹೆಚ್ಚು, ಮುಟ್ಟಿದರೆ ಬಿಸಿ, ಮೊದಲಿಗಿಂತ ಹೊತ್ತು ಹಿಡಿಯುತ್ತದೆ ಎಂದಾದರೆ ಹಲ್ಲು ಸವೆದಿದೆ ಎಂದರ್ಥ. ಗಟ್ಟಿ ಉಕ್ಕಿನ ಬರ್ ನೂರಾರು ಕಿಲೋ ಬೀಜ ಬೀಸಬಲ್ಲದು, ಹಾಗಾಗಿ ಮನೆ ಬಳಕೆಯಲ್ಲಿ ಅದು ಸವೆಯುವುದಕ್ಕೆ ವರ್ಷಗಳೇ ಬೇಕು. ಸವೆಯುವ ಮುಂಚೆ ಮುರಿಯುವುದೇ ಉಂಟು, ಕಲ್ಲಿನಿಂದ. ಕಣದಲ್ಲಿ ಒಣಗಿಸಿದ ಚೆರ್ರಿ ಕಾಫಿಯ ಜೊತೆ ಬರುವ ಸಣ್ಣ ಕಲ್ಲುಗಳನ್ನು ಕ್ಯೂರಿಂಗ್ ವರ್ಕ್ಸಿನ ಯಂತ್ರಗಳು ಬೇರ್ಪಡಿಸುತ್ತವೆ. ಆದರೂ ಒಂದೊಂದು ತಪ್ಪಿಸಿಕೊಂಡು ಬರುತ್ತದೆ. ಪಿಂಗಾಣಿ ಬರ್ ಸವೆಯುವುದು ಕಡಿಮೆ, ಕಲ್ಲು ಸಿಕ್ಕಿದರೆ ಚಕ್ಕೆ ಏಳುವುದು ಸುಲಭ. ಕರಕರ ಸದ್ದು ಬಂದ ಕೂಡಲೇ ಸ್ವಿಚ್ ಆರಿಸಿ. ಒಂದು ಬಿಲ್ಲೆಯ ಹಲ್ಲು ಮುರಿದಿದ್ದರೂ ಬದಲಿಸುವಾಗ ಜೋಡಿಯನ್ನೇ ಬದಲಿಸಬೇಕು, ಹೊಸ ಹಲ್ಲಿನ ಜೊತೆ ಹಳೆಯದು ಸರಿಯಾಗಿ ಕಚ್ಚುವುದಿಲ್ಲ.