ಬೆಳಕು ಎಣಿಸುವುದು ಪ್ರೋಟೀನನ್ನಲ್ಲ

ಮಲ್ಪೆ, ಹೂಡೆ, ಕಾಪುವಿನ ದಡ ಸೇರುವ ಬಂಗುಡೆ, ಬೂತಾಯಿಗಳ ಮಾಂಸವನ್ನೋ ಚರ್ಮವನ್ನೋ ಪ್ರಯೋಗಾಲಯದಲ್ಲಿ ಅಭ್ಯಸಿಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ, ತಯಾರಿಸಿದ ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆ ಎಂಬುದು. ಇದಕ್ಕೆ ಬಳಸುವ ಸ್ಪೆಕ್ಟ್ರೊಫೋಟೊಮೀಟರು ನಿರ್ದಿಷ್ಟ ತರಂಗಾಂತರದ ಬೆಳಕನ್ನು ದ್ರಾವಣದ ಮೂಲಕ ಹಾಯಿಸಿ, ಒಳಹೊಕ್ಕ ಬೆಳಕಿಗೂ ಹೊರಬಂದ ಬೆಳಕಿಗೂ ಇರುವ ಅನುಪಾತದಿಂದ ಹೀರಿಕೆಯನ್ನು ಲೆಕ್ಕಹಾಕುತ್ತದೆ. ಹೀರಿಕೆ 1 ಎಂದರೆ ಬೆಳಕಿನ ಹತ್ತರಲ್ಲೊಂದು ಪಾಲು, 2 ಎಂದರೆ ನೂರರಲ್ಲೊಂದು ಪಾಲು ಮಾತ್ರ ಹೊರಬಂದಿದೆ ಎಂದರ್ಥ; ಬಿಯರ್–ಲ್ಯಾಂಬರ್ಟ್ ನಿಯಮದಂತೆ ಅದು ದ್ರಾವಣದ ಸಾರತೆಗೂ ಬೆಳಕು ಸಾಗಿದ ದೂರಕ್ಕೂ ನೇರ ಅನುಪಾತದಲ್ಲಿರುತ್ತದೆ. ಈ ಅಳತೆಗೆ ಬೇಕಾದ ಅತಿನೇರಳೆ ಬೆಳಕನ್ನು ಸಾಮಾನ್ಯ ಗಾಜು ತಾನೇ ನುಂಗುವುದರಿಂದ, ದ್ರಾವಣ ತುಂಬುವ ಪುಟ್ಟ ಪಾತ್ರೆಯಾದ ಕ್ಯುವೆಟ್ಟು ಕ್ವಾರ್ಟ್ಜಿನದಾಗಿರಬೇಕು.

ಇಷ್ಟರವರೆಗೆ ಯಾರೂ ಎಡವುವುದಿಲ್ಲ. 280 ನ್ಯಾನೊಮೀಟರಿನಲ್ಲಿ ಉಪಕರಣ ಪ್ರೋಟೀನನ್ನು ಅಳೆಯುತ್ತದೆ ಎಂಬ ನಂಬಿಕೆಯೇ ಎಡವುವ ಜಾಗ. ಆ ಬೆಳಕನ್ನು ಹೀರುವುದು ಇಡೀ ಪ್ರೋಟೀನಲ್ಲ, ಮುಖ್ಯವಾಗಿ ಅದರ ಸರಪಣಿಯಲ್ಲಿ ಅಲ್ಲಲ್ಲಿ ಕೂತಿರುವ ಟ್ರಿಪ್ಟೊಫಾನ್ ಮತ್ತು ಟೈರೋಸಿನ್ ಎಂಬ ಎರಡು ಅಮೈನೊ ಆಮ್ಲಗಳ ಉಂಗುರಗಳು. ಅದರಲ್ಲೂ ಟ್ರಿಪ್ಟೊಫಾನಿನ ಹೀರುವ ಶಕ್ತಿ ಟೈರೋಸಿನಿನದಕ್ಕಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ರಾತ್ರಿಯ ಕಡಲಿನಲ್ಲಿ ದೋಣಿಗಳ ದೀಪ ಎಣಿಸಿ ಮೀನುಗಾರರ ಸಂಖ್ಯೆ ಹೇಳುವಂಥ ಲೆಕ್ಕವಿದು: ಒಂದು ದೀಪದ ಹಿಂದೆ ಎಷ್ಟು ಜನರೆಂದು ಮೊದಲೇ ಗೊತ್ತಿದ್ದರೆ ಮಾತ್ರ ಸರಿಹೋಗುತ್ತದೆ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಕರಗಿಸಿದಾಗ, ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ, ಕೋಳಿಮೊಟ್ಟೆಯ ಲೈಸೋಜೈಮ್ ಸುಮಾರು 2.6 ಹೀರಿಕೆ ತೋರಿದರೆ ಹಸುವಿನ ರಕ್ತದ ಆಲ್ಬುಮಿನ್ ಸುಮಾರು 0.65 ಮಾತ್ರ ತೋರುತ್ತದೆ. 129 ಅಮೈನೊ ಆಮ್ಲಗಳ ಪುಟ್ಟ ಲೈಸೋಜೈಮಿನಲ್ಲಿ ಆರು ಟ್ರಿಪ್ಟೊಫಾನ್‌ಗಳಿದ್ದರೆ, 583ರ ದೊಡ್ಡ ಆಲ್ಬುಮಿನ್ನಿನಲ್ಲಿರುವುದು ಎರಡೇ.

ಮೀನಿನ ವಿಷಯಕ್ಕೆ ಬಂದರೆ ತೊಡಕು ಇನ್ನೂ ಸ್ವಾರಸ್ಯಕರವಾಗುತ್ತದೆ. ಚರ್ಮ ಮತ್ತು ಹುರುಪೆಗಳಿಂದ ಸಿಗುವ ಜೆಲಾಟಿನ್ನಿನಲ್ಲಿ ಟ್ರಿಪ್ಟೊಫಾನ್ ಇಲ್ಲವೆನ್ನುವಷ್ಟು ಕಡಿಮೆ, ಟೈರೋಸಿನ್ ತೀರ ಅಲ್ಪ. ಮೀನಿನ ಅಲರ್ಜಿಗೆ ಮುಖ್ಯ ಕಾರಣವಾದ ಪಾರ್ವಾಲ್ಬುಮಿನ್ ಎಂಬ ಸ್ನಾಯು ಪ್ರೋಟೀನಿನ ಗೆಂಡೆಮೀನಿನ ರೂಪದಲ್ಲಂತೂ ಎರಡೂ ಇಲ್ಲ. ಇವು ಕೈತುಂಬ ಇದ್ದರೂ 280ರಲ್ಲಿ ಸೊನ್ನೆಯ ಹತ್ತಿರದ ಅಂಕಿಯೇ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಅರೆದ ಸ್ನಾಯುವಿನ ರಸದಲ್ಲಿರುವ ಎಟಿಪಿ ಎಂಬ ಶಕ್ತಿವಾಹಕ ಅಣುವೂ ಮೀನು ಸತ್ತ ಮೇಲೆ ಅದು ಒಡೆದು ಉಂಟಾಗುವ ವಸ್ತುಗಳೂ, ನ್ಯೂಕ್ಲಿಯಿಕ್ ಆಮ್ಲಗಳೂ 250–260ರ ಆಸುಪಾಸಿನಲ್ಲಿ ಜೋರಾಗಿ ಹೀರುತ್ತ 280ರ ಅಂಕಿಯನ್ನು ಉಬ್ಬಿಸುತ್ತವೆ. ನ್ಯೂಕ್ಲಿಯಿಕ್ ಆಮ್ಲದ ಈ ಬೆರಕೆಯನ್ನು ಕಳೆಯಲು 260 ಮತ್ತು 280 ಎರಡರಲ್ಲೂ ಅಳೆದು ತಿದ್ದುವ ವಿಧಾನವನ್ನು 1941ರಲ್ಲಿ ವಾರ್ಬರ್ಗ್ ಮತ್ತು ಕ್ರಿಶ್ಚಿಯನ್ ಕೊಟ್ಟರು. ಕದಡಿದ ರಸವಾದರೆ ಬೆಳಕು ಚದುರಿಯೇ ಅಂಕಿ ಏರುವುದರಿಂದ ಮೊದಲು ಸೆಂಟ್ರಿಫ್ಯೂಜಿನಲ್ಲಿ ತಿಳಿಗೊಳಿಸಬೇಕು.

ಕೂಮಾಸಿ ಬಣ್ಣ ಬೆರೆಸಿ 595ರಲ್ಲಿ ಅಳೆಯುವ ಬ್ರಾಡ್‌ಫೋರ್ಡರ 1976ರ ವಿಧಾನ ವೇಗದ್ದಾದರೂ ಆ ಬಣ್ಣ ಹೆಚ್ಚಾಗಿ ಆರ್ಜಿನಿನ್‌ಗೆ ಅಂಟುವುದರಿಂದ ಅದಕ್ಕೂ ತನ್ನದೇ ಪಕ್ಷಪಾತವಿದೆ. ಜೆಲಾಟಿನ್ನನ್ನು ಅದೂ ಕಡಿಮೆ ತೋರಿಸುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ‘ಟೋಟಲ್ ಪ್ರೋಟೀನ್’ ಎಂದು ಕಾಣುವ ಅಂಕಿಗೆ ಸಾಮಾನ್ಯವಾಗಿ ಆಧಾರವಾಗುವ ಬಯುರೆಟ್ ಕ್ರಿಯೆಯಲ್ಲಾದರೋ ತಾಮ್ರವು ಅಮೈನೊ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧವನ್ನೇ ಹಿಡಿಯುವುದರಿಂದ ಪ್ರೋಟೀನಿನಿಂದ ಪ್ರೋಟೀನಿಗೆ ವ್ಯತ್ಯಾಸ ಬಹಳ ಕಡಿಮೆ, ಆದರೆ ಸೂಕ್ಷ್ಮತೆಯೂ ಕಡಿಮೆ. ಮಣಿಪಾಲ, ಕಾರ್ಕಳದ ಕಾಲೇಜು ವಿದ್ಯಾರ್ಥಿಗಳು ಒಂದೇ ಜೆಲಾಟಿನ್ ದ್ರಾವಣವನ್ನು ಈ ಮೂರೂ ವಿಧಾನಗಳಲ್ಲಿ ಅಳೆದು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಬೇಕು. ಅವು ಹೊಂದದಿರುವಲ್ಲಿಂದಲೇ ಜೀವರಸಾಯನದ ನಿಜವಾದ ಪಾಠ ಶುರುವಾಗುತ್ತದೆ.