ಕಡೆಯ ಹಾಡು

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ದಯಮಾಡಿಸಿರುವವರೆಲ್ಲರೂ ಒಂದು ನೋಟವನ್ನು ಕಂಡೇ ಇರುವರು. ಗಾಯನ, ವೀಣೆ, ಪಿಟೀಲು, ಕೋಲಾಟಗಳೆಲ್ಲವೂ ಮುಗಿದು, ಬಹುಮಾನಗಳನ್ನು ಹಂಚಿ, ವಂದನಾರ್ಪಣೆಯೂ ಆದ ತರುವಾಯ, ಶಾಲೆಯ ಹುಡುಗಿಯರೆಲ್ಲರೂ ಒಟ್ಟಾಗಿ ಹಾಡುವ ಹಾಡು ಒಂದುಂಟು. ಹಾರ್ಮೋನಿಯಂ ಅದರ ಶ್ರುತಿಯನ್ನು ಹಿಡಿಯುವ ಹೊತ್ತಿಗೆ ಸರಿಯಾಗಿ ಸಭೆಯಲ್ಲಿ ಕುರ್ಚಿಗಳು ಸದ್ದುಮಾಡತೊಡಗುವುವು. ಕೆಲವರು ನಿದ್ದೆಹೋದ ಕೂಸುಗಳನ್ನು ಹೆಗಲಿಗೇರಿಸುವರು. ಕೆಲವರು ಬಸ್ಸಿನ ಹೊತ್ತನ್ನು ಕುರಿತು ಪಿಸುಮಾತಾಡುವರು. ಇನ್ನು ಕೆಲವರು ಬಾಗಿಲ ಬಳಿ ನಿಂತು ಒಂದು ಕಾಲನ್ನು ಒಳಗೂ ಒಂದನ್ನು ಹೊರಗೂ ಇಟ್ಟುಕೊಂಡಿರುವರು. ಕೆಲವು ವರ್ಷಗಳ ಕೆಳಗೆ ಹೀಗೆಯೇ ಅರ್ಧ ಸಭೆ ಬರಿದಾದ ಒಂದು ರಾತ್ರಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಬಳಿಗೆ ಬಂದು, "ಟೀಚರ್, ನಮ್ಮ ಹಾಡು ಚೆನ್ನಾಗಿರಲಿಲ್ಲವೆ?" ಎಂದು ಕೇಳಿದಳು. ಆಕೆಯನ್ನು ಆ ದಿನದ ಬೇರೆ ಯಾವ ಹಾಡಿಗೂ ಆರಿಸಿರಲಿಲ್ಲ. ನಮಗೆ ಆಗ ತಕ್ಕ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದುದರ ಫಲವೇ ಈ ಲೇಖನವು.

ಕಡೆಯ ಹಾಡೆಂದರೇನು? ಹಾಡುಗಳ ಪಟ್ಟಿ ಎಲ್ಲಿಯೋ ಒಂದು ಕಡೆ ನಿಲ್ಲಲೇ ಬೇಕಾದುದರಿಂದ ಬಂದು ನಿಂತ ಹಾಡೋ, ಅಥವಾ ಅದಕ್ಕೆ ಬೇರೊಂದು ಕೆಲಸವುಂಟೋ? ನಮ್ಮ ದೇಶದ ಸಂಗೀತಗಾರರು ಇದಕ್ಕೆ ಎಂದೋ ಉತ್ತರ ಕೊಟ್ಟಿರುವರು. ಕರ್ನಾಟಕ ಸಂಗೀತದ ಕಚೇರಿಗೆ ಈಗ ನಾವು ಕಾಣುವ ರೂಪವನ್ನು ಬಹುಮಟ್ಟಿಗೆ ಕೊಟ್ಟವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು (1890–1967). ಮೊದಲು ವರ್ಣ, ಬಳಿಕ ಕೆಲವು ಕೃತಿಗಳು, ನಡುವೆ ವಿಸ್ತಾರವಾದ ಮುಖ್ಯ ಕೃತಿ ಮತ್ತು ತನಿ ಆವರ್ತನ, ಅನಂತರ ದೇವರನಾಮ, ಜಾವಳಿ, ತಿಲ್ಲಾನಗಳಂಥ ಹಗುರವಾದ ರಚನೆಗಳು, ಕೊನೆಗೆ ಮಂಗಳ. ಇವುಗಳಲ್ಲಿ ಮಂಗಳವೇ ಬಹು ಚಿಕ್ಕದು. ಅದರಲ್ಲಿ ಆಲಾಪನೆಯಿಲ್ಲ, ಸ್ವರಪ್ರಸ್ತಾರವಿಲ್ಲ, ವಿದ್ವಾಂಸನು ತನ್ನ ಸಾಮರ್ಥ್ಯವನ್ನು ಮೆರೆಯಿಸಲು ಎಡೆಯೇ ಇಲ್ಲ. ತ್ಯಾಗರಾಜರು ಸೌರಾಷ್ಟ್ರ ರಾಗದಲ್ಲಿ ರಚಿಸಿದ ಮಂಗಳವನ್ನು ಇಂದು ಹಾಡಿದರೂ ಹತ್ತು ವರ್ಷಗಳ ಮೇಲೆ ಹಾಡಿದರೂ ಹೆಚ್ಚು ಭೇದವಿರದು. ಆದರೂ ಅದನ್ನು ಬಿಟ್ಟು ಏಳುವ ವಿದ್ವಾಂಸನಿಲ್ಲ. ಮಧ್ಯಮಾವತಿ ರಾಗವನ್ನು ಕಡೆಯಲ್ಲಿ ಹಾಡಿದರೆ ಅದುವರೆಗೆ ಹಾಡಿದುದರಲ್ಲಿ ನುಸುಳಿದ ದೋಷಗಳು ಪರಿಹಾರವಾಗುವುವೆಂಬ ನಂಬಿಕೆಯೂ ಉಂಟು. ಆ ನಂಬಿಕೆಯನ್ನು ಒಪ್ಪುವುದು ಬಿಡುವುದು ಅವರವರ ಇಷ್ಟ. ಆದರೆ ಕೊನೆಯು ಮೊದಲಿನದನ್ನೆಲ್ಲ ತಿದ್ದಬಲ್ಲುದೆಂಬ ಅದರ ಭಾವವನ್ನು ಮಾತ್ರ ನಾವು ಮನಸ್ಸಿನಲ್ಲಿಟ್ಟುಕೊಳ್ಳೋಣ. ಹರಿಕಥೆಗೂ ಮಂಗಳವುಂಟು, ಇರುಳೆಲ್ಲ ಆಡಿ ಬೆಳಗಿನ ಜಾವದಲ್ಲಿ ನಿಲ್ಲುವ ಯಕ್ಷಗಾನಕ್ಕೂ ಮಂಗಳವುಂಟು. ಕನ್ನಡದಲ್ಲಿ 'ಮಂಗಳ ಹಾಡಿದರು' ಎಂದರೆ ಕೆಲಸವನ್ನು ಮುಗಿಸಿಬಿಟ್ಟರೆಂದೇ ಅರ್ಥ. ಎಷ್ಟೋ ವೇಳೆ ಅದನ್ನು ಹಾಸ್ಯಕ್ಕೂ ಹೇಳುವೆವು. ಮಾತು ಹಾಸ್ಯಕ್ಕೆ ಇಳಿದಿರುವುದರಿಂದಲೇ ಅದರ ಮೂಲಾರ್ಥವು ನಮಗೆ ಮರೆತುಹೋಗಿರಬಹುದು. ಮಂಗಳವೆಂದರೆ ಶುಭ. ಬಂದವರಿಗೆ ಶುಭವನ್ನು ಕೋರಿ ಕಳುಹಿಸುವುದೇ ಅದರ ಕೆಲಸ. ಅದಕ್ಕೆ ಮೊದಲೇ ಎದ್ದು ಹೋಗುವವನು, ಮನೆಯವರು ತಾಂಬೂಲ ಹಿಡಿದು ಬರುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹೊರಟುಹೋದ ಅತಿಥಿಯಂತೆ.

ಹಿಂದೂಸ್ತಾನಿ ಪದ್ಧತಿಯಲ್ಲಿ ಈ ಕೆಲಸವನ್ನು ಭೈರವಿ ರಾಗವು ಮಾಡುವುದು. ಅದು ಪ್ರಾತಃಕಾಲದ ರಾಗ. ಇರುಳಿಡೀ ನಡೆಯುತ್ತಿದ್ದ ಬೈಠಕ್ಕುಗಳು ಬೆಳಕು ಹರಿಯುವಾಗ ಮುಗಿಯುತ್ತಿದ್ದುದರಿಂದ ಅದು ಕಡೆಯ ರಾಗವೆನಿಸಿತು. ಈಗ ಕಚೇರಿ ರಾತ್ರಿ ಒಂಬತ್ತಕ್ಕೆ ಮುಗಿದರೂ ಭೈರವಿಯೇ ಕಡೆಯದು. ತಂಬೂರಿಯ ಮೇಲೆ ಅದರ ಮೊದಲ ಸ್ವರಗಳು ಕೇಳಿಬಂದೊಡನೆ, ಇನ್ನು ಬೇರೆ ರಾಗವಿಲ್ಲವೆಂದು ರಸಿಕರಿಗೆ ತಿಳಿಯುವುದು. ಧಾರವಾಡ ಸೀಮೆಯ ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, ಅವರ ನೆನಪಿಗಾಗಿ 1953ರಲ್ಲಿ ಪುಣೆಯಲ್ಲಿ ಒಂದು ಸಂಗೀತೋತ್ಸವವು ಆರಂಭವಾಯಿತು. ಅವರ ಶಿಷ್ಯರಾದ ಭೀಮಸೇನ ಜೋಶಿಯವರು (1922–2011) ಅದನ್ನು ಬಹುಕಾಲ ನಡಸಿದರು. ಹಲವು ದಿನ ಹೆಸರಾಂತ ಗಾಯಕರೆಲ್ಲ ಹಾಡಿದ ಬಳಿಕ, ಆ ಉತ್ಸವದ ಕಟ್ಟಕಡೆಗೆ ಸವಾಯಿ ಗಂಧರ್ವರದೇ ಹಳೆಯ ಧ್ವನಿಮುದ್ರಿಕೆಯೊಂದನ್ನು, ಭೈರವಿಯ ಠುಮರಿಯನ್ನು, ಕೇಳಿಸುವ ಸಂಪ್ರದಾಯವುಂಟು. ಹಳೆಯ ಫಲಕದಿಂದ ಬರುವ ಕೆಲವೇ ನಿಮಿಷಗಳ ಧ್ವನಿ! ವೇದಿಕೆಯ ಮೇಲೆ ಹಾಡುವವರಿಲ್ಲ. ಆದರೂ ಸಾವಿರಾರು ಜನ ಅದಕ್ಕಾಗಿ ಕುಳಿತಿರುವರು. ದಿನಗಟ್ಟಲೆ ಕೇಳಿದ ಹಾಡುಗಳೆಲ್ಲ ಯಾರ ಹೆಸರಿನಲ್ಲಿ ನಡೆದುವೆಂಬುದನ್ನು ಆ ಕೆಲವು ನಿಮಿಷಗಳು ಹೇಳಿಬಿಡುವುವು.

ಕೊನೆಗೆ ಇಷ್ಟು ಬಲವು ಎಲ್ಲಿಂದ ಬಂದಿತೆಂಬುದನ್ನು ಮನಶ್ಶಾಸ್ತ್ರಜ್ಞರೂ ವಿಚಾರಮಾಡಿರುವರು. 2002ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಡೇನಿಯಲ್ ಕಾನೆಮನ್ ಎಂಬವರು ಸಂಗಡಿಗರೊಡನೆ ನಡಸಿ 1993ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಬಹುದು. ಜನರು ಒಂದು ಸಲ 14 ಡಿಗ್ರಿ ಸೆಂಟಿಗ್ರೇಡಿನ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಿಟ್ಟರು. ಇನ್ನೊಂದು ಸಲ ಅಷ್ಟೇ ತಂಪಿನ ನೀರಿನಲ್ಲಿ 60 ಸೆಕೆಂಡು ಇಟ್ಟು, ಮತ್ತೆ 30 ಸೆಕೆಂಡು ಅಲ್ಲಿಯೇ ಇರಿಸಿದರು. ಆ ಕಡೆಯ 30 ಸೆಕೆಂಡುಗಳಲ್ಲಿ ನೀರನ್ನು ಮೆಲ್ಲನೆ 15 ಡಿಗ್ರಿಗೆ ಏರಿಸಲಾಯಿತು. ಎರಡನೆಯ ಸಲ ಪಟ್ಟ ಕಷ್ಟವೇ ಹೆಚ್ಚು ಹೊತ್ತಿನದು. ಆದರೂ ಇವೆರಡರಲ್ಲಿ ಯಾವುದನ್ನು ಮತ್ತೊಮ್ಮೆ ಮಾಡುವಿರೆಂದು ಕೇಳಿದಾಗ ಹೆಚ್ಚು ಮಂದಿ ಎರಡನೆಯದನ್ನೇ ಆರಿಸಿದರು. ಕೊನೆಯು ತುಸು ಹಿತವಾಗಿದ್ದುದರಿಂದ ಒಟ್ಟು ನೆನಪೂ ಹಿತವಾಯಿತು. ನಮ್ಮ ಮನಸ್ಸು ಗಡಿಯಾರದಂತೆ ಪ್ರತಿ ನಿಮಿಷವನ್ನೂ ಎಣಿಸಿಡುವುದಿಲ್ಲ. ಉತ್ಕಟವಾದ ಒಂದು ಕ್ಷಣವನ್ನೂ ಕೊನೆಯ ಕ್ಷಣವನ್ನೂ ಹಿಡಿದುಕೊಂಡು ಉಳಿದುದನ್ನು ಅವುಗಳಿಂದ ಅಳೆಯುವುದು. ಇವರೇ 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಸಂಗತಿಯನ್ನು ಹೇಳಿರುವರು. ಒಬ್ಬನು ದೀರ್ಘವಾದ ಸಿಂಫನಿಯೊಂದನ್ನು ಧ್ವನಿಮುದ್ರಿಕೆಯಲ್ಲಿ ಮೈಮರೆತು ಕೇಳುತ್ತಿರಲು, ಕೊನೆಗೆ ಗೀಚಿದ ಫಲಕವು ಕರ್ಕಶವಾಗಿ ಕಿರುಚಿತಂತೆ. ಅದರಿಂದ ಅನುಭವವೆಲ್ಲ ಕೆಟ್ಟುಹೋಯಿತೆಂದು ಆತನು ಹೇಳಿದನು. ಕೆಟ್ಟುದು ಅನುಭವವಲ್ಲ, ಅದರ ನೆನಪು ಎಂದು ಕಾನೆಮನ್ನರು ತಿದ್ದುವರು. ನಿಜ, ಆದರೆ ಕಚೇರಿ ಮುಗಿದ ಮೇಲೆ ನಾವು ಮನೆಗೆ ಒಯ್ಯುವುದು ನೆನಪನ್ನಲ್ಲದೆ ಮತ್ತೇನನ್ನು? ತಣ್ಣೀರಿನ ಪರೀಕ್ಷೆಯಿಂದ ಹಾಡಿನ ವಿಷಯವೆಲ್ಲ ತಿಳಿದುಹೋಯಿತೆಂದು ನಾವು ಹೇಳುವುದಿಲ್ಲ. ಆದರೂ ಕಡೆಯ ಹಾಡಿಗೆ ಮೊದಲೇ ಏಳುವವರು ಕಳೆದುಕೊಳ್ಳುವುದು ಐದು ನಿಮಿಷಗಳನ್ನು ಮಾತ್ರವಲ್ಲ, ಕುಳಿತು ಕೇಳಿದ ಮೂರು ತಾಸುಗಳ ನೆನಪಿನ ಒಂದು ಪಾಲನ್ನೂ ಎಂಬುದಿಷ್ಟು ಇದರಿಂದ ತೋರುವುದು.

ಕಡೆಯ ಹಾಡಿಗೆ ಇನ್ನೊಂದು ಗುಣವುಂಟು. ಅದುವರೆಗೆ ಕೇಳುವವರಾಗಿದ್ದವರನ್ನು ಅದು ಹಾಡುವವರನ್ನಾಗಿ ಮಾಡಬಲ್ಲುದು. ವಿಯೆನ್ನಾ ನಗರದಲ್ಲಿ ಪ್ರತಿ ಹೊಸವರ್ಷದ ದಿನ ಬೆಳಿಗ್ಗೆ ನಡೆಯುವ ಸಂಗೀತಕೂಟವನ್ನು ನಮ್ಮಲ್ಲಿ ಕೆಲವರು ದೂರದರ್ಶನದಲ್ಲಿ ನೋಡಿರಬಹುದು. ಅದರ ಕಡೆಯಲ್ಲಿ, 1848ರಲ್ಲಿ ಹಿರಿಯ ಯೋಹಾನ್ ಸ್ಟ್ರಾಸರು ರಚಿಸಿದ ರಾಡೆಟ್ಸ್ಕಿ ನಡೆವಾದ್ಯವನ್ನು ನುಡಿಸುವರು. ಆಗ ವಾದ್ಯಮೇಳವನ್ನು ನಡಸುವಾತನು ಸಭೆಯ ಕಡೆಗೆ ತಿರುಗಿ ಕೈಸನ್ನೆ ಮಾಡುವನು. ಸಭಿಕರು ಅವನ ಸನ್ನೆಯಂತೆ ಮೆಲ್ಲಗೊಮ್ಮೆ ಜೋರಾಗೊಮ್ಮೆ ಚಪ್ಪಾಳೆಯಿಂದ ತಾಳ ಹಾಕುವರು. ಹಾಗೆಯೇ ಅಮೆರಿಕದ ಎಲ್ವಿಸ್ ಪ್ರೆಸ್ಲಿಯು 1970ರ ದಶಕದಲ್ಲಿ ತನ್ನ ಕಚೇರಿಗಳನ್ನು ಪ್ರಾಯಶಃ ಯಾವಾಗಲೂ ಒಂದೇ ಪ್ರೇಮಗೀತದಿಂದ ಮುಗಿಸುತ್ತಿದ್ದನು. 'ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್' ಎಂಬ ಆ ಗೀತದ ಮೊದಲ ಸ್ವರಗಳನ್ನು ಕೇಳಿದೊಡನೆಯೇ ಇದು ಬೀಳ್ಕೊಡುಗೆಯೆಂದು ಅಭಿಮಾನಿಗಳು ಅರಿಯುತ್ತಿದ್ದರು. ಮತ್ತೊಮ್ಮೆ ಬಾ ಎಂದು ಕೂಗಿದರೂ ಆತನು ಬರುತ್ತಿರಲಿಲ್ಲ. ಎಲ್ವಿಸ್ ಕಟ್ಟಡವನ್ನು ಬಿಟ್ಟು ಹೋಗಿರುವನೆಂದು ಒಬ್ಬರು ಸಾರಿ ಜನರನ್ನು ಮನೆಗೆ ಕಳುಹಿಸುತ್ತಿದ್ದರು. ಭೈರವಿಯನ್ನು ಕೇಳುವ ರಸಿಕನಿಗೂ ಈ ಅಭಿಮಾನಿಗಳಿಗೂ ರುಚಿಯಲ್ಲಿ ಎಷ್ಟೇ ಅಂತರವಿರಲಿ, ಮುಗಿಯುತ್ತದೆಂದು ಬಲ್ಲ ಹಾಡನ್ನು ಇಮ್ಮಡಿ ಗಮನದಿಂದ ಕೇಳುವುದರಲ್ಲಿ ಇಬ್ಬರೂ ಒಂದೇ.

ಕಡೆಯ ರಾಗವು ಮಾತನಾಡಿದುದೂ ಉಂಟು. 1772ರಲ್ಲಿ ಎಸ್ಟರ್‌ಹಾಜಿ ಅರಸನು ತನ್ನ ಬೇಸಗೆಯ ಅರಮನೆಯಲ್ಲಿ ನೆಲಸಿ ಊರಿಗೆ ಹೊರಡದೆ ತಡಮಾಡುತ್ತಿದ್ದನು. ಅವನ ವಾದ್ಯಗಾರರ ಹೆಂಡಿರು ಮಕ್ಕಳು ದೂರದ ಊರಿನಲ್ಲಿದ್ದರು. ಸಂಗೀತಾಧಿಕಾರಿಯಾದ ಹೈಡನನು ಬಾಯಿಂದ ಒಂದು ಮಾತನ್ನೂ ಆಡದೆ ಹೊಸ ಸಿಂಫನಿಯೊಂದನ್ನು ರಚಿಸಿದನು. ಅದರ ಕೊನೆಯ ಭಾಗದಲ್ಲಿ ವಾದ್ಯಗಾರರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿ, ತಮ್ಮ ಮೇಣದ ಬತ್ತಿಯನ್ನು ಆರಿಸಿ, ಎದ್ದು ಹೋದರು. ಕಡೆಗೆ ಎರಡು ಪಿಟೀಲುಗಳು ಮಾತ್ರ ಉಳಿದುವು. ಅರಸನಿಗೆ ಅರ್ಥವಾಯಿತು, ಮರುದಿನವೇ ಪರಿವಾರವೆಲ್ಲ ಊರಿಗೆ ಹೊರಟಿತೆಂದು ಹೇಳುವರು. ಅಲ್ಲಿ ವಾದ್ಯಗಾರರು ಎದ್ದು ಹೋದರು, ಕೇಳುವವನು ಕುಳಿತಿದ್ದನು. ನಮ್ಮ ಶಾಲೆಯಲ್ಲಿ ಕೇಳುವವರು ಎದ್ದು ಹೋಗುವರು, ಹಾಡುವವರು ನಿಂತಿರುವರು. ಹೀಗೆ ಎದ್ದು ಹೋಗುವುದೂ ಒಂದು ಮಾತೇ. ಅದನ್ನು ಮಕ್ಕಳು ಬಲುಬೇಗ ಓದಿಕೊಳ್ಳುವರು.

ಮಿಷನ್ ಶಾಲೆಯಲ್ಲಿ ಬೆಳೆದ ನಮಗೆ ಇನ್ನೊಂದು ಸಂಗತಿ ಬಹಳ ಹತ್ತಿರದ್ದು. ಆರಾಧನೆಯಲ್ಲಿ ಲೋಕದ ಎಷ್ಟೋ ಸಭೆಗಳು ಹಾಡುವ ಸ್ತೋತ್ರಪದ್ಯವೊಂದುಂಟು. ಅದನ್ನು ಬರೆದವರು 17ನೆಯ ಶತಮಾನದ ಇಂಗ್ಲೆಂಡಿನ ತಾಮಸ್ ಕೆನ್ ಎಂಬ ಬೋಧಕರು. ವಿಂಚೆಸ್ಟರಿನ ಶಾಲಾ ವಿದ್ಯಾರ್ಥಿಗಳಿಗಾಗಿ ಅವರು ಮುಂಜಾನೆಗೊಂದು, ಸಂಜೆಗೊಂದು, ನಡುವಿರುಳಿಗೊಂದು ಕೀರ್ತನೆಯನ್ನು ಬರೆದು, ಮೂರಕ್ಕೂ ಒಂದೇ ಕಡೆಯ ಪದ್ಯವನ್ನಿಟ್ಟರು. ಇಂದು ಆ ಕೀರ್ತನೆಗಳ ನಡುವಣ ಪದ್ಯಗಳನ್ನು ಬಲ್ಲವರು ಕಡಮೆ. ಕಡೆಯ ಪದ್ಯವನ್ನು ಮಾತ್ರ ಕೋಟ್ಯಂತರ ಜನ ಬಾಯಲ್ಲಿ ಇಟ್ಟುಕೊಂಡಿರುವರು. ಅದನ್ನು ಹಾಡುವ ರಾಗವು 1551ರ ಜಿನೀವದ ಕೀರ್ತನೆಗಳ ಪುಸ್ತಕದ್ದು. ಮಕ್ಕಳೂ ಮುದುಕರೂ ಒಂದೇ ಸಲಕ್ಕೆ ಕಲಿಯಬಹುದಾದಷ್ಟು ಸರಳವಾದುದು. ಪಾಠವನ್ನೆಲ್ಲ ಮರೆತರೂ ಉಳಿಯಲಿ ಎಂದು ಶಾಲೆಯ ಮಕ್ಕಳಿಗೆ ಕಟ್ಟಿಕೊಟ್ಟ ಬುತ್ತಿಯಂತೆ ಅದು ನಮಗೆ ಕಾಣುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳನ್ನು ಸೇರಿಸಲು ಬಂದಾಗಲೂ ಇದನ್ನೇ ಕಂಡಿರುವೆವು. ತಾವು ಬಹುಮಾನ ಪಡೆದ ಹಾಡು ಯಾವುದೆಂದು ಅವರಿಗೆ ನೆನಪಿರದು. ಸಂಜೆಯ ಕಡೆಯಲ್ಲಿ ಎಲ್ಲರೊಡನೆ ನಿಂತು ಹಾಡಿದುದನ್ನು ಕೇಳದಿದ್ದರೂ ಹಾಡಿ ತೋರಿಸುವರು.

ಇಷ್ಟು ಹೇಳಿದ ಮೇಲೆ ತಪ್ಪನ್ನು ಪೋಷಕರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಭಾಷಣಗಳನ್ನು ಹಿಗ್ಗಲುಬಿಟ್ಟು, ಕೂಸುಗಳು ನಿದ್ದೆಹೋಗುವವರೆಗೆ ಸಭೆಯನ್ನು ಎಳೆದು, ಕಡೆಯ ಹಾಡನ್ನು ಬಸ್ಸು ಹೊರಡುವ ಹೊತ್ತಿಗೆ ತಂದಿಟ್ಟವರು ನಾವೇ. ಆದುದರಿಂದ ನಾವೇ ಮೊದಲು ತಿದ್ದಿಕೊಂಡಿರುವೆವು. ಈಗ ವಂದನಾರ್ಪಣೆಯನ್ನು ಐದು ನಿಮಿಷಕ್ಕೆ ಇಳಿಸಿ, ಸಭೆ ಎಷ್ಟು ಗಂಟೆಗೆ ಮುಗಿಯುವುದೆಂಬುದನ್ನು ಆಮಂತ್ರಣದಲ್ಲಿಯೇ ಅಚ್ಚುಹಾಕಿಸುವೆವು. ಕಡೆಯ ಹಾಡು ಚಿಕ್ಕದಾಗಿರಬೇಕು, ತಗ್ಗಿನ ಶ್ರುತಿಯಲ್ಲಿರಬೇಕು, ವರ್ಷವರ್ಷಕ್ಕೂ ಬದಲಾಗಬಾರದು, ಅದರಲ್ಲಿ ಒಬ್ಬಳೇ ಹಾಡುವ ಭಾಗವಿರಬಾರದು ಎಂದು ಗೊತ್ತುಮಾಡಿರುವೆವು. ಯಾತಕ್ಕೆಂದರೆ ಉಳಿದ ಹಾಡುಗಳು ಕಂಠ ಚೆನ್ನಾಗಿರುವ ಇಪ್ಪತ್ತು ಮಂದಿಯವು. ಇದೊಂದು ಮಾತ್ರ ಎಲ್ಲರದು. ಬೇರೆ ಯಾವ ಹಾಡಿಗೂ ಆರಿಸದ ಹುಡುಗಿಯ ತಾಯಿತಂದೆಗಳು ತಮ್ಮ ಮಗಳನ್ನು ಕೇಳಬಹುದಾದ ಹಾಡು ಇದೊಂದೇ.

ಆ ರಾತ್ರಿ ನಮ್ಮನ್ನು ಕೇಳಿದ ಹುಡುಗಿಗೆ ಹೇಳಬೇಕಾಗಿದ್ದ ಉತ್ತರವು ಈಗ ನಮಗೆ ತಿಳಿದಿದೆ. ನಿಮ್ಮ ಹಾಡು ಚೆನ್ನಾಗಿತ್ತು, ಮಗು. ಅದು ಏತಕ್ಕಾಗಿ ಇದೆಯೆಂಬುದನ್ನು ನಾವೇ ದೊಡ್ಡವರಿಗೆ ತಿಳಿಸಿ ಹೇಳಿರಲಿಲ್ಲ. ಇಗೋ, ಈಗ ಹೇಳಿರುವೆವು. ಈ ವರ್ಷದ ಉತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಾನ್ಯ ಪೋಷಕರಲ್ಲಿಯೂ ನಮ್ಮ ಪ್ರಾರ್ಥನೆ ಇಷ್ಟೇ. ಹಾರ್ಮೋನಿಯಂ ಕಡೆಯ ಹಾಡಿನ ಶ್ರುತಿಯನ್ನು ಹಿಡಿದಾಗ ತಾವೂ ಏಳಬಹುದು. ಆದರೆ ಬಾಗಿಲಿನ ಕಡೆಗಲ್ಲ. ನಿಂತಲ್ಲಿಯೇ ನಿಂತು, ಬಂದಷ್ಟು ಕಂಠದಿಂದ, ನಮ್ಮ ಮಕ್ಕಳೊಡನೆ ಹಾಡಿರಿ. ಅಂದು ಹಿರಿಯರ ದನಿ ತಮ್ಮ ದನಿಯೊಡನೆ ಸೇರುವುದನ್ನು ಕೇಳಿದ ಹುಡುಗಿಯರು, ಹಾಡು ಚೆನ್ನಾಗಿತ್ತೆ ಎಂದು ಕೇಳಲು ನಮ್ಮ ಬಳಿಗೆ ಬರಲಾರರು.